ತಪ್ಪದ ಮಂಗಳವಾರಗಳು

"ಇಲ್ಲಿಂದ ಮುಂದಕ್ಕೆ ಓಡಿಸ್ತಿರೋದು ಅವರಲ್ಲ, ಮೇಡಂ," ಎಂದಳು 'ಸರಾಸರಿ' ಎಂದು ಎಲ್ಲರೂ ಕರೆಯುವ ಹುಡುಗಿ, ಪರದೆಯ ಮೇಲೆ ಪೆನ್ಸಿಲಿನ ತುದಿ ಇಟ್ಟು.

ಇನ್‌ಸ್ಪೆಕ್ಟರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬಗ್ಗಿ ನೋಡಿದಳು. ಪರದೆಯ ತುಂಬ ಚುಕ್ಕೆಗಳು. ಎಡಗಡೆ ಅವು ಸಾಸಿವೆ ಎರಚಿದ ಹಾಗೆ ಮೇಲೆ ಕೆಳಗೆ ಚದುರಿದ್ದವು. ಪೆನ್ಸಿಲಿನ ಬಲಗಡೆ ಮಾತ್ರ ದಾರಕ್ಕೆ ಪೋಣಿಸಿದ ಮಣಿಗಳಂತೆ ಒಂದೇ ಸಾಲಿನಲ್ಲಿ ನಿಂತಿದ್ದವು.

ಎಣಿಸಿದರೆ ಹತ್ತು. ಕನ್ನಡಕದ ಅಂಗಡಿಯವಳು ಮನೆ ಬಿಟ್ಟು ಹೋಗಿ ಹನ್ನೊಂದು ವಾರ. ಆ ಬಳಿಕ ಬಂದ ಹತ್ತು ಮಂಗಳವಾರವೂ ಅವಳ ಹೆಸರಿನಲ್ಲಿ ಒಂದು ಕಾರು ಹೊರಟು, ವಾಪಸು ಬಂದು ನಿಂತಿತ್ತು.

ಅದೇ ಈ ಕೇಸಿನ ಕುತ್ತಿಗೆಗೆ ಬಿದ್ದ ಕಲ್ಲು. ಪ್ರತಿ ಸಲ ಫೈಲು ಮೇಲಕ್ಕೆ ಹೋದಾಗಲೂ ಸಾಹೇಬರು ಒಂದೇ ಮಾತು ಬರೆದು ಕೆಳಗೆ ತಳ್ಳುತ್ತಿದ್ದರು. ಮೂವತ್ತೆಂಟು ವರ್ಷದ ಹೆಂಗಸು, ವಾರಕ್ಕೊಂದು ದಿನ ಕಾರು ಓಡಿಸಿಕೊಂಡು ಆರಾಮಾಗಿದ್ದಾಳೆ, ಮನೆಗೆ ಹೋಗಲು ಅವಳಿಗೆ ಇಷ್ಟವಿಲ್ಲ, ಇದರಲ್ಲಿ ಕಾಣೆಯಾದದ್ದು ಏನು?

ಹಂಚಿಕೆ ಕಾರಿನ ಸಂಸ್ಥೆಯ ಮೂರನೇ ಮಹಡಿಯ ಈ ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಊರಿನ ತುಂಬ ಆ ಸಂಸ್ಥೆಯ ಹಳದಿ ಕಾರುಗಳ ಸ್ಟ್ಯಾಂಡುಗಳು. ಸದಸ್ಯರಾದವರು ಮೊಬೈಲಿನಲ್ಲಿ ತಮ್ಮ ಗುಪ್ತ ಸಂಖ್ಯೆ ಒತ್ತಿ ಬುಕ್ ಮಾಡಿ, ಹತ್ತಿರದ ಸ್ಟ್ಯಾಂಡಿನ ಕಾರು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತಂದು ನಿಲ್ಲಿಸಬೇಕು. ಯಾವ ಸದಸ್ಯರು ತಿಂಗಳಿಂದ ತಿಂಗಳಿಗೆ ಎಷ್ಟು ನಿಯಮಿತವಾಗಿ ಬರುತ್ತಾರೆ, ಯಾರು ಉಳಿಯುತ್ತಾರೆ, ಯಾರು ಬಿಡುತ್ತಾರೆ ಎಂದು ಲೆಕ್ಕ ಕಟ್ಟುವುದು ಸರಾಸರಿಯ ಕೆಲಸ. ಆಫೀಸಿನವರು ಇಟ್ಟ ಹೆಸರು ಅದು. ಅಸಲು ಹೆಸರು ಹಾಜರಿ ಬರೆಯುವವನಿಗೂ ಮರೆತುಹೋಗಿತ್ತು.

ಅವಳು ಬಿಡಿಸಿ ಹೇಳಿದಳು. ಸದಸ್ಯರಲ್ಲಿ ಮೂರು ಬಗೆ. ಹೊಸ ಹುರುಪಿನಲ್ಲಿ ಎರಡು ಸಲ ಬಂದು ಮಾಯವಾಗುವವರು ಒಂದು ಬಗೆ. ಮದುವೆಯೋ ಆಸ್ಪತ್ರೆಯೋ ಬಂದಾಗ ಗುಂಪುಗುಂಪಾಗಿ ಬುಕ್ ಮಾಡಿ ಮತ್ತೆ ತಿಂಗಳುಗಟ್ಟಲೆ ಸುಮ್ಮನಿರುವವರು ಇನ್ನೊಂದು. ಮೂರನೆಯವರು ನಿಯಮಿತವಾಗಿ ಬರುವವರು, ಕನ್ನಡಕದವಳಂಥವರು. ಮಂಗಳವಾರ ಬೆಳಿಗ್ಗೆ ವೃದ್ಧಾಶ್ರಮಕ್ಕೆ ಹೋಗಿ ಮುದುಕರ ಕಣ್ಣು ನೋಡಿ, ಕನ್ನಡಕದ ಕಡ್ಡಿ ಸರಿಮಾಡಿ ಬರುವುದು ಅವಳ ವಾಡಿಕೆ. ಎರಡೂವರೆ ವರ್ಷ ಬಿಟ್ಟಿರಲಿಲ್ಲ.

"ಆದ್ರೆ ಎಂಥ ನಿಯಮದವರೂ ಗಡಿಯಾರ ಅಲ್ಲ," ಎಂದಳು ಸರಾಸರಿ. "ಒಂದು ವಾರ ಒಂಬತ್ತು ಗಂಟೆಗೆ ಹೊರಡ್ತಾರೆ, ಇನ್ನೊಂದು ವಾರ ಒಂಬತ್ತೂ ಮುಕ್ಕಾಲಿಗೆ. ಆರೇಳು ವಾರಕ್ಕೊಮ್ಮೆ ತಪ್ಪಿಸ್ತಾರೆ. ಆ ಏರುಪೇರು ಇದೆಯಲ್ಲ, ಅದು ಒಬ್ಬೊಬ್ಬರದು ಒಂದೊಂದು ಥರ. ಕೈಬರಹದ ಹಾಗೆ. ಈ ಹತ್ತು ವಾರದಲ್ಲಿ ಅದು ಇಲ್ಲವೇ ಇಲ್ಲ."

ಹತ್ತೂ ಮಂಗಳವಾರ ಹೊರಟದ್ದು ಒಂಬತ್ತು ಇಪ್ಪತ್ತಕ್ಕೆ. ಓಡಿದ್ದು ಮೂವತ್ತೊಂದು ಕಿಲೋಮೀಟರ್. ಬಂದು ನಿಲ್ಲಿಸಿದ್ದು ಹನ್ನೆರಡೂ ನಲವತ್ತೈದಕ್ಕೆ. ಬದಲಾದದ್ದು ಸ್ಟ್ಯಾಂಡು ಮಾತ್ರ, ವಾರಕ್ಕೊಂದು.

ಸರಾಸರಿ ಇನ್ನೊಂದು ಪುಟ ತೆರೆದಳು. ಸದಸ್ಯರ ಮೊಬೈಲಿನಲ್ಲಿ 'ನಿಮ್ಮ ರೂಢಿ' ಎಂಬ ಪುಟವಿತ್ತು. ಅವರವರ ಪ್ರಯಾಣಗಳ ಸರಾಸರಿ ಅದರಲ್ಲಿ ಕಾಣುತ್ತಿತ್ತು. ಕನ್ನಡಕದವಳ ಪುಟದಲ್ಲಿ ಬರೆದಿತ್ತು: ಮಂಗಳವಾರ, 9.20, 31 ಕಿ.ಮೀ.

ಇನ್‌ಸ್ಪೆಕ್ಟರ್ ಪುಟವನ್ನೂ ಚುಕ್ಕೆಗಳನ್ನೂ ತಾಳೆ ನೋಡಿದಳು. ಯಾರೋ ಅವಳ ಮೊಬೈಲು ಕೈಯಲ್ಲಿ ಹಿಡಿದು, ಆ ಪುಟ ನೋಡಿಕೊಂಡು ಅವಳಾಗಿ ನಟಿಸುತ್ತಿದ್ದಾರೆ. ಹಾಗಾದರೆ ಅವಳೆಲ್ಲಿ? ಮೊಬೈಲು ಕೈಬಿಟ್ಟ ಹೆಂಗಸು ಬದುಕಿದ್ದಾಳೆಯೇ?

"ಕೊನೆಯ ನಿಜವಾದ ಚುಕ್ಕೆ ಯಾವುದು?"

ಸರಾಸರಿ ಪೆನ್ಸಿಲು ಸರಿಸಿದಳು. ಹನ್ನೊಂದು ವಾರದ ಹಿಂದಿನ ಮಂಗಳವಾರ, ಅವಳು ಮನೆ ಬಿಟ್ಟ ದಿನ. ಇನ್ನೂರ ತೊಂಬತ್ತು ಕಿಲೋಮೀಟರ್, ಮಾರನೆಯ ದಿನ ಮಧ್ಯಾಹ್ನ ವಾಪಸು. ಇಷ್ಟು ಮೊದಲೇ ಗೊತ್ತಿತ್ತು. ಸಂಸ್ಥೆ ಪೊಲೀಸರಿಗೆ ಕೊಟ್ಟ ಪಟ್ಟಿಯಲ್ಲಿದ್ದದ್ದು ಹೊತ್ತು ಮತ್ತು ದೂರ ಮಾತ್ರ. ಸರಾಸರಿ ತಾನೇ ಕಟ್ಟಿದ ಲೆಕ್ಕದಲ್ಲಿ ಇನ್ನೊಂದು ಕಾಲಮ್ಮು ಇತ್ತು. ಅವು ಕರೆಂಟಿನ ಕಾರುಗಳು. ಅವತ್ತು ಕಾರನ್ನು ನೂರ ನಲವತ್ತು ಕಿಲೋಮೀಟರ್ ಆಚೆಯ ಒಂದು ಸಣ್ಣ ಪಟ್ಟಣದ ಕಂಬಕ್ಕೆ ಸಿಕ್ಕಿಸಿ ಚಾರ್ಜ್ ಮಾಡಿಕೊಂಡಿದ್ದರು.

ಪಟ್ಟಣದ ಹೆಸರನ್ನು ಇನ್‌ಸ್ಪೆಕ್ಟರ್ ಡೈರಿಯಲ್ಲಿ ಬರೆದುಕೊಂಡಳು. ಏಳುವಾಗ ಒಂದು ಉಪಕಾರ ಕೇಳಿದಳು. ನಾಳೆ ಮಂಗಳವಾರ, ಆ ಹೆಸರಿನಲ್ಲಿ ಬುಕಿಂಗ್ ಬಿದ್ದ ತಕ್ಷಣ ಫೋನ್ ಮಾಡಲಾಗುತ್ತದೆಯೇ? ಕಾಗದ ಪತ್ರ ತರಲು ಸಾಹೇಬರ ಸಹಿ ಸಿಗುವುದಿಲ್ಲ.

ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂದಳು ಸರಾಸರಿ. ಸ್ವಲ್ಪ ಹೊತ್ತು ಪೆನ್ಸಿಲು ಕಚ್ಚಿದಳು. ಆಮೇಲೆ, ಮಾಡುತ್ತೇನೆ ಎಂದಳು.

ಸ್ಟೇಷನ್ನಿಗೆ ಬಂದಾಗ ಕನ್ನಡಕದವಳ ಗಂಡ ಬೆಂಚಿನ ಮೇಲೆ ಕೂತಿದ್ದ. ಸೋಮವಾರ ಅವನು ಬರುವ ದಿನ.

ಅವನು ಲಿಫ್ಟ್ ಮೆಕ್ಯಾನಿಕ್. ಕೆಲಸದ ಅಂಗಿಯನ್ನು ಬದಲಾಯಿಸಿ, ಉಗುರಿನ ಗ್ರೀಸು ತಿಕ್ಕಿ ತೊಳೆದು ಬರುತ್ತಿದ್ದ. ಕಾಣೆಯಾದ ದೂರು ಕೊಟ್ಟವನೂ ಅವನೇ. ದನಿ ಏರಿಸಿದವನಲ್ಲ. ಹೋದ ವಾರಗಳಲ್ಲೆಲ್ಲ ಹೆಂಡತಿಯ ಅಕ್ಕನನ್ನೂ ಜೊತೆಗೆ ಕರೆತಂದು, ಅವಳು ಕಣ್ಣೊರೆಸಿಕೊಳ್ಳುತ್ತ ಕೂತರೆ ನೀರಿನ ಲೋಟ ತಂದುಕೊಡುತ್ತಿದ್ದ. ಇವತ್ತು ಒಬ್ಬನೇ. ಅತ್ತಿಗೆಯ ಅಂಗಡಿಯಲ್ಲಿ ಯಾವುದೋ ಹೋಟೆಲಿನ ಪರದೆ ಹೊಲಿಯುವ ಕೆಲಸ ಬಂದಿದೆ, ಅದಕ್ಕೆ ಬರಲಿಲ್ಲ ಎಂದ.

ಅವನ ಮುಖ ನೋಡಿ ಇನ್‌ಸ್ಪೆಕ್ಟರ್ ಒಳಗೆ ಕರೆದು ಎದುರಿನ ಕುರ್ಚಿ ತೋರಿಸಿದಳು. ಹನ್ನೊಂದು ವಾರದಿಂದ ಈ ಮನುಷ್ಯನಿಗೆ ಅವಳು ಹೇಳಿದ್ದು 'ನೋಡ್ತಿದ್ದೀವಿ' ಎಂಬ ಒಂದೇ ಮಾತು. ಅವನ ಕುಟುಂಬ ಸದಸ್ಯತ್ವದಲ್ಲಿ ಹೆಂಡತಿಯ ಪ್ರತಿ ಪ್ರಯಾಣ ಮುಗಿದ ಮೇಲೂ ಅದರ ವಿವರ ಅವನ ಮೊಬೈಲಿಗೂ ಬರುತ್ತಿತ್ತು. ಅದನ್ನು ಹಿಡಿದು ಅವನು ಪ್ರತಿ ಮಂಗಳವಾರ ಸಂಜೆ ಆಯಾ ಸ್ಟ್ಯಾಂಡಿಗೆ ಓಡಿ, ಖಾಲಿ ಕಾರು ನೋಡಿ ವಾಪಸು ಬರುತ್ತಿದ್ದನಂತೆ.

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಹೇಳಿ, ಅವಳು ಇದ್ದದ್ದನ್ನು ತಿಳಿಸಿದಳು. ಈ ಹತ್ತು ವಾರ ಓಡಿಸುತ್ತಿರುವುದು ನಿಮ್ಮ ಹೆಂಡತಿಯಲ್ಲ.

ಅವನು ಅಳಲಿಲ್ಲ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಅದು ಹೇಗೆ ಗೊತ್ತಾಯಿತು ಎಂದು ಕೇಳಿದ. ಅವಳು ಚುಕ್ಕೆಗಳ ಲೆಕ್ಕ ಹೇಳಿದಳು. ಅವನು ಲಿಫ್ಟಿನ ಹಗ್ಗ ಪರೀಕ್ಷಿಸುವವನ ಗಮನದಲ್ಲಿ ಕೇಳಿಸಿಕೊಂಡ.

ಕೊನೆಗೆ ಅವಳು, ಯಾವ ತನಿಖೆಯಲ್ಲೂ ಕೇಳಲೇಬೇಕಾದ ಪ್ರಶ್ನೆ ಕೇಳಿದಳು. ಡೈರಿ ತೆರೆದು ಪಟ್ಟಣದ ಹೆಸರು ಓದಿದಳು. ಅಲ್ಲಿ ನಿಮ್ಮ ಹೆಂಡತಿಗೆ ಗೊತ್ತಿರುವವರು ಯಾರಾದರೂ ಇದ್ದಾರಾ?

"ಯಾರೂ ಇಲ್ಲ ಮೇಡಂ," ಎಂದ ಗಂಡ. ಎದ್ದು ಕೈ ಮುಗಿದ. "ನಿಮ್ಮಿಂದ ತುಂಬಾ ಉಪಕಾರ ಆಯ್ತು."

ಮಂಗಳವಾರ ಎಂಟೂ ಐವತ್ತಕ್ಕೆ ಫೋನು ಬಂತು. ಗ್ರಂಥಾಲಯದ ಹಿಂದಿನ ಸ್ಟ್ಯಾಂಡು, ಹನ್ನೆರಡನೇ ನಂಬರಿನ ಕಾರು, ಒಂಬತ್ತು ಇಪ್ಪತ್ತಕ್ಕೆ.

ಇನ್‌ಸ್ಪೆಕ್ಟರ್ ಸಾದಾ ಬಟ್ಟೆಯಲ್ಲಿ, ಕೈಯಲ್ಲೊಂದು ಪುಸ್ತಕ ಹಿಡಿದು ಗ್ರಂಥಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ಸ್ಟ್ಯಾಂಡಿನಲ್ಲಿ ಮೂರು ಹಳದಿ ಕಾರು. ಒಬ್ಬ ಮುದುಕ ಸೈಕಲ್ಲು ತಳ್ಳಿಕೊಂಡು ಹೋದ. ಎದುರಿನ ಲಾಂಡ್ರಿಯವಳು ಬಾಗಿಲು ಎತ್ತಿದಳು.

ಒಂಬತ್ತು ಹದಿನೆಂಟಕ್ಕೆ ಮೂಲೆ ತಿರುಗಿ ಒಬ್ಬ ಹೆಂಗಸು ಬಂದಳು. ತಲೆಗೆ ಸ್ಕಾರ್ಫು, ಅಗಲವಾದ ಕಪ್ಪು ಕನ್ನಡಕ. ಬೆರಳಿಗೆ ಹೊಲಿಗೆಯವರು ಹಾಕಿಕೊಳ್ಳುವ ತಗಡಿನ ಟೋಪಿ ಇನ್ನೂ ಹಾಗೇ ಇತ್ತು, ತೆಗೆಯಲು ಮರೆತಿದ್ದಳು.

ಇನ್‌ಸ್ಪೆಕ್ಟರ್ ಪುಸ್ತಕ ಮಡಚಿದಳು. ಆ ಹೆಂಗಸು ಕಾರೊಳಗೆ ಕೂತು ಬೆಲ್ಟು ಎಳೆದುಕೊಳ್ಳುವಷ್ಟರಲ್ಲಿ ಪಕ್ಕದ ಬಾಗಿಲು ತೆಗೆದು ಒಳಗೆ ಕೂತಳು.

ಅಕ್ಕ ತಿರುಗಿ ನೋಡಿದಳು. ಕಪ್ಪು ಕನ್ನಡಕ ತೆಗೆದಳು. ಸೋಮವಾರಗಳಂದು ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಅದೇ ಮುಖ.

"ನಿಮ್ಮ ತಂಗೀನ ಏನು ಮಾಡಿದ್ರಿ?"

"ಬದುಕಿಸಿದೆ," ಎಂದಳು ಅಕ್ಕ.

ಆಮೇಲೆ ಅವಳ ಬಾಯಿಂದ ಬಂದದ್ದನ್ನು ಇನ್‌ಸ್ಪೆಕ್ಟರ್ ತಡೆಯದೆ ಕೇಳಿದಳು. ಹನ್ನೊಂದು ವಾರದ ಹಿಂದೆ ಅಕ್ಕನೇ ತಂಗಿಯ ಜೊತೆ ಹೋಗಿ, ಆ ಪಟ್ಟಣದಲ್ಲಿದ್ದ ಒಂದೇ ಒಂದು ಗಾಜು ಅರೆಯುವ ಕಾರ್ಖಾನೆಯಲ್ಲಿ, ಕನ್ನಡಕದ ಗಾಜು ನಯ ಮಾಡುವ ಕೆಲಸಕ್ಕೆ ಅವಳನ್ನು ಸೇರಿಸಿ, ಕಾರು ವಾಪಸು ತಂದು ನಿಲ್ಲಿಸಿದ್ದಳು. ತಂಗಿಯ ಮೊಬೈಲು ತನ್ನ ಬಳಿ ಇಟ್ಟುಕೊಂಡಳು. ಅವಳು ಊರಲ್ಲೇ ಎಲ್ಲೋ ಅಡಗಿದ್ದಾಳೆ ಎಂದು ಅವಳ ಗಂಡ ನಂಬಬೇಕಿತ್ತು. ಇಲ್ಲೇ ಹುಡುಕುತ್ತಿದ್ದರೆ ಅಲ್ಲಿಗೆ ಹೋಗುವುದಿಲ್ಲವಲ್ಲ. ಅದಕ್ಕೇ ಪ್ರತಿ ಮಂಗಳವಾರ ಬೇರೆ ಸ್ಟ್ಯಾಂಡು. ಅದಕ್ಕೇ ಪ್ರತಿ ಸೋಮವಾರ ಅವನ ಪಕ್ಕದಲ್ಲಿ ಕೂತು ಅಳುವುದು.

ಒಂದೇ ಹೊತ್ತಿಗೆ ಯಾಕೆ ಹೊರಡುತ್ತಿದ್ದಿರಿ ಎಂದು ಇನ್‌ಸ್ಪೆಕ್ಟರ್ ಕೇಳಿದಳು. ಆ ಪುಟದಲ್ಲಿ ಹಾಗೆ ಇತ್ತು, ಹೆಚ್ಚುಕಮ್ಮಿಯಾದರೆ ಅನುಮಾನ ಬಂದೀತು ಅಂದುಕೊಂಡೆ ಎಂದಳು ಅಕ್ಕ.

"ಅವಳು ಹೆಚ್ಚುಕಮ್ಮಿ ಮಾಡ್ತಿದ್ಲು. ನನಗೆ ಗೊತ್ತಿತ್ತು. ಅವನು ಬಾಗಿಲ ಹತ್ರ ವಾಚು ನೋಡ್ಕೊಂಡು ನಿಂತಿರ್ತಿದ್ದ. ಹತ್ತು ನಿಮಿಷ ತಡ ಆದ್ರೆ ಅವತ್ತು ಅನ್ನ ಇಲ್ಲ. ಅರ್ಧ ಗಂಟೆ ಆದ್ರೆ ಮಹಡಿ ಕೋಣೇಲಿ ಹಾಕಿ ಬೀಗ. ಅಷ್ಟಾದ್ರೂ ಆ ಮುದುಕರ ಹತ್ರ ಕೂತು ಮಾತಾಡ್ಕೊಂಡು ತಡ ಮಾಡಿ ಬರ್ತಿದ್ಲು. ನಾನು ಹೆದರಿದವಳು, ನಿಮಿಷ ತಪ್ಪಿಸಲಿಲ್ಲ."

"ಇದನ್ನ ನಮಗೆ ಯಾಕೆ ಹೇಳಲಿಲ್ಲ?"

ಅಕ್ಕ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದಕ್ಕೆ ನೋಡಿದಳು. "ಹೇಳಿದ್ಲು ಮೇಡಂ. ಎರಡು ವರ್ಷದ ಹಿಂದೆ. ನಿಮ್ಮ ಮೇಜಿನ ಮುಂದೇನೇ ಕೂತು ಹೇಳಿದ್ಲು. ನೀವು ಟೀ ತರಿಸಿಕೊಟ್ರಂತೆ. ಆಮೇಲೆ ಅವನನ್ನ ಕರೆಸಿ, ಇಬ್ರಿಗೂ ಬುದ್ಧಿ ಹೇಳಿ, ಒಟ್ಟಿಗೆ ಮನೆಗೆ ಕಳಿಸಿದ್ರಿ."

ಇನ್‌ಸ್ಪೆಕ್ಟರ್ ನೆನಪು ಮಾಡಿಕೊಳ್ಳಲು ನೋಡಿದಳು. ಅಂಥ ಹೆಂಗಸರು ವಾರಕ್ಕೆ ನಾಲ್ವರು ಬರುತ್ತಿದ್ದರು. ಅಷ್ಟೂ ಮಂದಿಗೆ ಟೀ ತರಿಸುತ್ತಿದ್ದಳು. ಯಾವ ಮುಖವೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಇನ್ನೊಂದು ನೆನಪಾಯಿತು.

ನಿನ್ನೆ ಅವನಿಗೆ ಎಲ್ಲ ಹೇಳಿಬಿಟ್ಟೆ ಎಂದಳು. ಓಡಿಸುತ್ತಿರುವುದು ಅವಳಲ್ಲ ಎಂದೆ. ಕಾರು ಚಾರ್ಜ್ ಮಾಡಿದ ಜಾಗದ ಬಗ್ಗೆಯೂ ಕೇಳಿದೆ.

"ಊರಿನ ಹೆಸರು ಹೇಳಿದ್ರಾ?"

ಇನ್‌ಸ್ಪೆಕ್ಟರ್ ಹೌದೆಂದು ತಲೆಯಾಡಿಸಿದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆರಳಿನ ತಗಡಿನ ಟೋಪಿ ತೆಗೆದು ಹಾಕುತ್ತ, ತೆಗೆದು ಹಾಕುತ್ತ ಕೂತಳು.

ಗಂಡನಿಗೆ ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಲಿಫ್ಟ್ ಕಂಪನಿಯ ಮೇಸ್ತ್ರಿ, ಅವನು ನಿನ್ನೆ ಸಂಜೆಯೇ ಒಂದು ವಾರ ರಜೆ ಬರೆದುಕೊಟ್ಟ ಎಂದ. ಇನ್‌ಸ್ಪೆಕ್ಟರ್ ಸರಾಸರಿಗೆ ಫೋನ್ ಮಾಡಿದಳು. ಕೀಲಿಮಣೆಯ ಸದ್ದು ಕೇಳಿಸಿತು. ಬೆಳಿಗ್ಗೆ ಆರೂ ಕಾಲಿಗೆ ಅವನ ಹೆಸರಿನಲ್ಲಿ ಒಂದು ಕಾರು ಹೊರಟಿದೆ. ಅವನು ಎರಡೂವರೆ ವರ್ಷದಲ್ಲಿ ಒಮ್ಮೆಯೂ ಕಾರು ತೆಗೆದುಕೊಂಡವನಲ್ಲ. ಅದು ಈಗ ಆ ಪಟ್ಟಣದ ಸೇತುವೆ ದಾಟುತ್ತಿದೆ.

ನಿಲ್ಲಿಸಲು ಸಾಧ್ಯವೇ?

ಓಡುತ್ತಿರುವ ಕಾರನ್ನು ನಿಲ್ಲಿಸಲಾಗದು ಎಂದಳು ಸರಾಸರಿ. ನಿಂತ ಮೇಲೆ ಬೀಗ ಹಾಕಬಹುದು. ಅದಕ್ಕೂ ಮ್ಯಾನೇಜರು ಒಪ್ಪಬೇಕು, ಅವರು ಇನ್ನೂ ಆಫೀಸಿಗೆ ಬಂದಿಲ್ಲ.

ಲೈನಲ್ಲೇ ಇರು ಎಂದು ಇನ್‌ಸ್ಪೆಕ್ಟರ್ ಆ ಫೋನನ್ನು ಮಡಿಲಲ್ಲಿಟ್ಟಳು. ಸ್ಟೇಷನ್ನಿನಿಂದ ಕೊಟ್ಟಿದ್ದ ಇನ್ನೊಂದು ಮೊಬೈಲಿನಿಂದ ಆ ಪಟ್ಟಣದ ಠಾಣೆಗೆ ಮಾಡಿದಳು. ಎತ್ತಿದ ಕಾನ್‌ಸ್ಟೇಬಲ್ ಬಹಳ ವಿನಯದಿಂದ ಮಾತಾಡಿದ. ಜೀಪು ಹೊರಗೆ ಹೋಗಿದೆ, ಠಾಣೆಯಲ್ಲಿ ತಾನೊಬ್ಬನೇ ಎಂದ. ಬಿಟ್ಟು ಬರುವ ಹಾಗಿಲ್ಲ. ಆಮೇಲೆ ಅವನಿಗೊಂದು ಸಂಶಯ ಬಂತು. ಕಾಣೆಯಾದ ಹೆಂಡತಿಯನ್ನು ಹುಡುಕಿಕೊಂಡು ಗಂಡ ಹೋಗುತ್ತಿದ್ದಾನೆ, ದೂರು ಕೊಟ್ಟವನೂ ಅವನೇ. ಅವನನ್ನು ಯಾವ ಕಾರಣಕ್ಕೆ ತಡೆಯಬೇಕು, ಮೇಡಂ?

ಅವನ ಮೇಲೆ ದೂರು ಬರೆದು ಕೊಟ್ಟ ಒಂದೇ ಒಂದು ಹಾಳೆ ಅವಳ ಬಳಿ ಇರಲಿಲ್ಲ. ಎರಡು ವರ್ಷದ ಹಿಂದೆ ಬರೆಸಿಕೊಂಡಿದ್ದರೆ ಇರುತ್ತಿತ್ತು.

ಅಷ್ಟು ಹೊತ್ತಿಗೆ ಅಕ್ಕ ತನ್ನ ಫೋನಿನಲ್ಲಿ ಕಾರ್ಖಾನೆಯ ನಂಬರು ಒತ್ತಿದ್ದಳು. ಎರಡು ಸಲ ಎಂಗೇಜ್ ಬಂತು. ಮೂರನೇ ಸಲ ಯಜಮಾನರು ಎತ್ತಿದರು. ಹಿಂದೆ ಯಂತ್ರಗಳು ಗಿರಗುಟ್ಟುವ ಸದ್ದು. ಅಕ್ಕ ಕಾರಿನೊಳಗೆಲ್ಲ ಕೇಳುವ ಹಾಗೆ ದನಿ ಜೋರು ಮಾಡಿ, ತಂಗಿಯನ್ನು ಕೂಡಲೇ ಕರೆಯಿರಿ ಎಂದಳು.

ಯಜಮಾನರು ಕೇಳಿದರು, "ನಿಮಗೆ ಗೊತ್ತಿಲ್ವಾ? ಅವರು ಹೋಗಿ ಮೂರು ವಾರ ಆಯ್ತಲ್ಲ."

ಅಕ್ಕ ಫೋನನ್ನೇ ನೋಡಿದಳು. ಅವಳು ಪ್ರತಿ ಭಾನುವಾರ ನನ್ನ ಅಂಗಡಿಗೆ ಫೋನ್ ಮಾಡುತ್ತಾಳೆ ಎಂದಳು. ಮೊನ್ನೆ ಭಾನುವಾರವೂ ಮಾಡಿದ್ದಳು. ಗಾಜು ಅರೆದು ಅರೆದು ಅಂಗೈ ಒರಟಾಗಿದೆ ಎಂದು ನಕ್ಕಿದ್ದಳು.

ಇನ್‌ಸ್ಪೆಕ್ಟರ್ ಫೋನು ತೆಗೆದುಕೊಂಡಳು. ತಾನು ಯಾರೆಂದು ಹೇಳಿ, ಅವಳನ್ನು ಯಾರು ಕರೆದುಕೊಂಡು ಹೋದರು ಎಂದು ಕೇಳಿದಳು.

ಅವರ ತಂಗಿ ಬಂದಿದ್ದರು ಎಂದರು ಯಜಮಾನರು. ಬುಧವಾರ, ಹನ್ನೊಂದು ಗಂಟೆ ಹೊತ್ತಿಗೆ. ಇಬ್ಬರೂ ಗೇಟಿನ ಹತ್ತಿರ ಐದು ನಿಮಿಷ ಮಾತಾಡಿದರು. ಆಮೇಲೆ ಇವರು ಒಳಗೆ ಬಂದು ಚೀಲ ತೆಗೆದುಕೊಂಡು, ಹೋಗಿಬರ್ತೀನಿ ಎಂದು ಹೇಳಿ ಹೊರಟರು. ಹೆದರಿದ ಹಾಗೇನೂ ಕಾಣಲಿಲ್ಲ. ಹಳದಿ ಕಾರು. ಬಾಗಿಲ ಮೇಲೆ ನಲವತ್ತೇಳು ಎಂದು ದೊಡ್ಡದಾಗಿ ಬರೆದಿತ್ತು.

"ಅವಳಿಗೆ ತಂಗಿ ಇಲ್ಲ," ಎಂದಳು ಅಕ್ಕ. "ನಾವಿಬ್ಬರೇ."

ಇನ್‌ಸ್ಪೆಕ್ಟರ್ ಕೈಯೆತ್ತಿ ಅವಳನ್ನು ಸುಮ್ಮನಿರಿಸಿ, ಇನ್ನು ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಒಬ್ಬ ಗಂಡಸು ಬರುತ್ತಾನೆ, ಅಂಥವಳು ಇಲ್ಲಿರಲೇ ಇಲ್ಲ ಎಂದು ಹೇಳಿಬಿಡಿ ಎಂದು ಯಜಮಾನರನ್ನು ಕೇಳಿಕೊಂಡಳು. ಕಾರಿನ ವಿಷಯ ಮಾತ್ರ ಎತ್ತಲೇಬೇಡಿ.

"ಅಯ್ಯೋ, ಅವರು ಫೋನ್ ಮಾಡಿದ್ರಲ್ಲ," ಎಂದರು ಯಜಮಾನರು. "ನಿಮ್ಮದು ಬರೋದಕ್ಕೆ ಮುಂಚೆ ಅವರ ಜೊತೇನೇ ಮಾತಾಡ್ತಿದ್ದೆ. ಸೇತುವೆ ಹತ್ರ ಇದ್ದೀನಿ, ದಾರಿ ಹೇಳಿ ಅಂದ್ರು. ಹೆಂಡತಿ ಇಲ್ಲಿಲ್ಲ ಅಂತ ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಪಾಪ, ತುಂಬ ಮರ್ಯಾದಸ್ಥರು. ಕಾರಿನ ನಂಬರು ಎರಡು ಸಲ ಕೇಳಿ ಬರ್ಕೊಂಡ್ರು."

ಮಡಿಲಲ್ಲಿದ್ದ ಫೋನಿನಿಂದ ಸರಾಸರಿ ಏನೋ ಕೂಗುತ್ತಿದ್ದಳು. ಇನ್‌ಸ್ಪೆಕ್ಟರ್ ಎತ್ತಿಕೊಂಡಳು. ಗಂಡನ ಕಾರು ಸೇತುವೆಯಾಚೆ ಸ್ವಲ್ಪ ಹೊತ್ತು ನಿಂತಿತ್ತು, ಈಗ ತಿರುಗಿ ಇತ್ತ ಕಡೆಗೆ ಬರುತ್ತಿದೆ ಎಂದಳು ಸರಾಸರಿ. ಬಂದದ್ದಕ್ಕಿಂತ ವೇಗವಾಗಿ.

ಅದು ಇರಲಿ ಎಂದು ಇನ್‌ಸ್ಪೆಕ್ಟರ್ ಅವಸರಪಡಿಸಿದಳು. ಮೂರು ವಾರದ ಹಿಂದಿನ ಬುಧವಾರ ನೋಡು. ನಲವತ್ತೇಳನೇ ನಂಬರಿನ ಕಾರು. ಯಾರು ತೆಗೆದುಕೊಂಡಿದ್ದರು?

ಕೀಲಿಮಣೆಯ ಸದ್ದು. ಆಮೇಲೆ ಅದೂ ನಿಂತಿತು. ಗಾಜಿನಾಚೆ ಲಾಂಡ್ರಿಯವಳು ಒಗೆದ ಬಟ್ಟೆ ಹರಡುತ್ತಿದ್ದಳು. ಅಕ್ಕ ಇನ್‌ಸ್ಪೆಕ್ಟರ ತೋಳು ಹಿಡಿದುಕೊಂಡಿದ್ದಳು, ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ.

"ಹೇಳು," ಎಂದಳು ಇನ್‌ಸ್ಪೆಕ್ಟರ್.

"ಆ ಕಾರು ನನ್ನ ಸದಸ್ಯತ್ವದಲ್ಲಿ ಹೋಗಿದೆ, ಮೇಡಂ." ಸರಾಸರಿಯ ದನಿ ಸಣ್ಣದಾಗಿತ್ತು. "ನನ್ನ ಹೆಸರು, ನನ್ನ ಗುಪ್ತ ಸಂಖ್ಯೆ. ಆದ್ರೆ ಆ ಬುಧವಾರ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಈ ಕುರ್ಚಿ ಬಿಟ್ಟು ಎದ್ದಿಲ್ಲ."